ಮೊದಲು ಅಂಗಡಿ, ಆಮೇಲೆ ವಾಚು: ದುಬಾರಿ ಉಡುಗೊರೆಗೆ ಆನ್‌ಲೈನ್‌ನಲ್ಲಿ ನಂಬುವಂಥವರನ್ನು ಹುಡುಕುವ ಬಗೆ

ಅಪ್ಪನ ಅರವತ್ತರ ಶಾಂತಿಗೆ ಮಕ್ಕಳ ಕಡೆಯಿಂದ ಏನು ಕೊಡುವುದು ಎಂಬ ಚರ್ಚೆ ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೂರು ವಾರ ನಡೆಯಿತು. ದೊಡ್ಡಕ್ಕ ಬೆಳ್ಳಿ ಪಂಚಪಾತ್ರೆ ಎಂದಳು. ನಾನು ಕಾಶಿಗೆ ಟಿಕೆಟ್ ಎಂದೆ. ಡಲ್ಲಾಸ್‌ನಲ್ಲಿರುವ ತಮ್ಮನದು ಮಾತ್ರ ಮೊದಲ ದಿನದಿಂದ ಒಂದೇ ಪಟ್ಟು: "ಅಪ್ಪಂಗೆ ಒಂದು ಒಳ್ಳೇ ಸ್ವಿಸ್ ವಾಚು ಕೊಡೋಣ." ಮದುವೆಯಲ್ಲಿ ತಾತ ಅಳಿಯನಿಗೆಂದು ಕೊಟ್ಟ ಎಚ್‌ಎಂಟಿಯನ್ನೇ ಅಪ್ಪ ಇವತ್ತಿಗೂ ಕಟ್ಟಿಕೊಳ್ಳುತ್ತಾರೆ. ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಅದಕ್ಕೆ ಕೀ ಕೊಡಬೇಕು. ಹಾಗಾಗಿ ತಮ್ಮನೇ ಗೆದ್ದ. ಮೂವರೂ ಸೇರಿ ಎರಡೂವರೆ ಲಕ್ಷ ಎಂದು ತೀರ್ಮಾನವಾಯಿತು. ಕೊಳ್ಳುವ ಕೆಲಸ ಬೆಂಗಳೂರಿನಲ್ಲಿರುವ ನನ್ನ ತಲೆಗೆ ಬಿತ್ತು.

ಆ ಕೆಲಸದಲ್ಲಿ ನಾನು ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಆದರೆ ಅದಕ್ಕೆ ಮೊದಲು ನನ್ನನ್ನು ಹೆದರಿಸಿದ ಒಂದು ಸಂಗತಿ ಹೇಳಬೇಕು.

ನಮ್ಮ ದೊಡ್ಡಮ್ಮನ ಮಗ ಅವನ ತಂಗಿಯ ಮದುವೆಯಲ್ಲಿ ವರನಿಗೆಂದು ಆನ್‌ಲೈನ್‌ನಲ್ಲಿ ಒಂದು ಸ್ವಿಸ್ ವಾಚು ತರಿಸಿದ್ದ. ಅಂಗಡಿಯ ಹೆಸರು ಬೇಡ. ಕಂಪನಿಯ ಬೆಲೆಗಿಂತ 30 ಸಾವಿರ ಕಡಿಮೆಗೆ ಸಿಕ್ಕಿತ್ತು. ಏಳು ತಿಂಗಳಾದ ಮೇಲೆ ವಾಚು ನಿಂತಿತು. ಭಾವ ಅದನ್ನು ಸರ್ವಿಸ್ ಸೆಂಟರಿಗೆ ಒಯ್ದರು. ಅಲ್ಲಿಯವರು ಹೇಳಿದ್ದು: ವಾಚು ಅಸಲಿ, ವಾರಂಟಿ ಕಾರ್ಡೂ ಅಸಲಿ, ಆದರೆ ಕಾರ್ಡಿನಲ್ಲಿರುವುದು ಬೇರೆ ದೇಶದ ಅಂಗಡಿಯ ಮೊಹರು, ತಾರೀಖು ಮದುವೆಗೆ ಒಂದೂವರೆ ವರ್ಷ ಹಿಂದಿನದು. ಎರಡು ವರ್ಷದ ವಾರಂಟಿ ತಿಂಗಳ ಹಿಂದೆಯೇ ಮುಗಿದಿತ್ತು. ಭಾವ ಒಳ್ಳೆಯವರು, ಏನೂ ಅನ್ನಲಿಲ್ಲ. ರಿಪೇರಿ ದುಡ್ಡು ತಾವೇ ಕೊಟ್ಟುಕೊಂಡರು. ಅವರು ಏನೂ ಅನ್ನಲಿಲ್ಲ ಎಂಬುದೇ ನಮ್ಮ ಅಣ್ಣನಿಗೆ ಇವತ್ತಿಗೂ ಚುಚ್ಚುತ್ತದೆ.

ನಮಗಾಗಿ ಕೊಂಡ ವಾಚಿನಲ್ಲಿ ಮೋಸವಾದರೆ ನಾವೇ ಬೈದುಕೊಂಡು ಸುಮ್ಮನಾಗುತ್ತೇವೆ. ಉಡುಗೊರೆಯಲ್ಲಿ ಹಾಗಲ್ಲ. ಹುಳುಕು ಕಾಣುವುದು ತೆಗೆದುಕೊಂಡವರಿಗೆ, ಅದೂ ಎಷ್ಟೋ ತಿಂಗಳ ಮೇಲೆ, ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಹತ್ತು ಜನರ ಎದುರಿಗೆ. ಹಾಗಾಗಿ ನನ್ನ ಲೆಕ್ಕದಲ್ಲಿ ಉಡುಗೊರೆಯ ವಾಚಿಗೆ "ಅಸಲಿ" ಎನ್ನುವುದಷ್ಟೇ ಸಾಲದು. ಕಾರ್ಡು, ಬಿಲ್ಲು, ತಾರೀಖು ಎಲ್ಲವೂ ಸ್ವಚ್ಛವಾಗಿರಬೇಕು, ಆಮೇಲೆ ಕೇಳಿದರೆ ಉತ್ತರ ಕೊಡಲು ಒಬ್ಬರು ಇರಬೇಕು.

ಹೆಜ್ಜೆ 1: ಕೈ ಅಳತೆ

ಇದು ಸಣ್ಣ ಕೆಲಸ, ಆದರೆ ಮೊದಲೇ ಆಗಬೇಕು. ಅಪ್ಪ ಸ್ನಾನಕ್ಕೆ ಹೋದಾಗ ಮೇಜಿನ ಮೇಲಿದ್ದ ಎಚ್‌ಎಂಟಿ ತೆಗೆದುಕೊಂಡೆ. ಸ್ಟ್ರಾಪಿನಲ್ಲಿ ಯಾವ ತೂತು ಬಳಸಿ ಸವೆದಿದೆ ನೋಡಿದೆ. ಬಕಲ್ಲಿನಿಂದ ಆ ತೂತಿನವರೆಗೆ ಹೂವು ಕಟ್ಟುವ ದಾರ ಹಿಡಿದು ಸ್ಕೇಲಿನ ಮೇಲಿಟ್ಟೆ. ಡಯಲಿನ ಅಗಲವನ್ನೂ ಅಳೆದೆ: 35 ಮಿಲಿಮೀಟರ್. ಈಗಿನ ವಾಚುಗಳು 40, 42 ಎಂದು ತಟ್ಟೆಯಷ್ಟು ಅಗಲ ಬರುತ್ತವೆ. ನಲವತ್ತು ವರ್ಷ ಸಣ್ಣ ವಾಚು ಕಟ್ಟಿದವರಿಗೆ ಅದು ಕೈಮೇಲೆ ಹೊರೆ. 38ಕ್ಕಿಂತ ಹೆಚ್ಚು ಬೇಡ ಎಂದು ಬರೆದಿಟ್ಟುಕೊಂಡೆ. ಅಳತೆ ಮೊದಲೇ ಗೊತ್ತಿದ್ದರೆ ವಾಪಸು ಕಳಿಸುವ ಪ್ರಮೇಯ ಬರುವುದಿಲ್ಲ, ದುಬಾರಿ ವಾಚನ್ನು ವಾಪಸು ಕಳಿಸುವುದು ಬಟ್ಟೆ ವಾಪಸು ಕಳಿಸಿದಷ್ಟು ಸಲೀಸಲ್ಲ. ಚೈನಿನ ಮೇಲಿನ ಪ್ಲಾಸ್ಟಿಕ್ ಪದರ ಕಿತ್ತರೆ ಎಷ್ಟೋ ಅಂಗಡಿಗಳು ವಾಪಸು ತೆಗೆದುಕೊಳ್ಳುವುದೇ ಇಲ್ಲ.

ಹೆಜ್ಜೆ 2: ಹುಡುಕಾಟ ಗೂಗಲ್‌ನಿಂದಲ್ಲ, ಕಂಪನಿಯಿಂದ ಶುರುವಾಗಲಿ

ಎಲ್ಲರೂ ಎಡವುವುದು ಇಲ್ಲಿ. ವಾಚಿನ ಹೆಸರು ಹಾಕಿ ಹುಡುಕಿದರೆ ಮೇಲೆ ಬರುವ ಮೂರು ನಾಲ್ಕು ಕೊಂಡಿಗಳು ಜಾಹೀರಾತು. ಅಲ್ಲಿ ಮೇಲಿರಲು ದುಡ್ಡು ಕೊಟ್ಟರೆ ಸಾಕು, ನಂಬಿಕಸ್ಥರಾಗಿರಬೇಕಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಒಮ್ಮೆ ವಾಚಿನ ವಿಡಿಯೊ ನೋಡಿದರಂತೂ ಮುಗಿಯಿತು, "ಕಸ್ಟಮ್ಸ್‌ನಲ್ಲಿ ಜಪ್ತಿಯಾದ ಮಾಲು", "ಅಂಗಡಿ ಮುಚ್ಚುತ್ತಿದ್ದೇವೆ, 70% ರಿಯಾಯಿತಿ" ಎಂದು ಬೆನ್ನು ಹತ್ತುತ್ತವೆ.

ಅದರ ಬದಲು ವಾಚು ಮಾಡುವ ಕಂಪನಿಯ ಜಾಲತಾಣಕ್ಕೇ ಹೋಗಿ. ಪ್ರತಿಯೊಂದು ದೊಡ್ಡ ಕಂಪನಿಯ ತಾಣದಲ್ಲೂ "ಅಂಗಡಿ ಹುಡುಕಿ" ಎಂಬ ಪುಟವಿರುತ್ತದೆ. ಊರು, ದೇಶ ಹಾಕಿದರೆ ಅಧಿಕೃತ ಮಾರಾಟಗಾರರ ಪಟ್ಟಿ ವಿಳಾಸ, ಫೋನ್ ನಂಬರ್ ಸಮೇತ ಬರುತ್ತದೆ. ಆ ಪಟ್ಟಿಯಲ್ಲಿರುವ ಅಂಗಡಿಗೆ ಆನ್‌ಲೈನ್ ಮಾರಾಟ ಇದೆಯೇ ಎಂದು ನೋಡಿ. ಭಾರತದಲ್ಲಿ ಇಥೋಸ್, ಟೈಟನ್‌ನವರ ಹೀಲಿಯೋಸ್, ಟಾಟಾ ಕ್ಲಿಕ್ ಲಕ್ಷುರಿ ಇಂಥವು ಎಷ್ಟೋ ಬ್ರ್ಯಾಂಡ್‌ಗಳನ್ನು ಆನ್‌ಲೈನ್‌ನಲ್ಲೂ ಮಾರುತ್ತವೆ. ಆದರೆ ಒಂದು ಸೂಕ್ಷ್ಮವಿದೆ. ಒಂದು ಅಂಗಡಿ ಲಾಂಜಿನ್‌ಗೆ ಅಧಿಕೃತ ಎಂದಮಾತ್ರಕ್ಕೆ ಅಲ್ಲಿ ಕಾಣುವ ಎಲ್ಲ ಬ್ರ್ಯಾಂಡಿಗೂ ಅಧಿಕೃತ ಎಂದಲ್ಲ. ನೀವು ಕೊಳ್ಳುವ ಬ್ರ್ಯಾಂಡಿನ ಪಟ್ಟಿಯಲ್ಲಿ ಆ ಅಂಗಡಿ ಇದೆಯೇ ಎಂದು ನೋಡಬೇಕು, ಅಂಗಡಿಯ ಪುಟದಲ್ಲಿ "ಅಧಿಕೃತ" ಎಂದು ಬರೆದಿದೆಯೇ ಎಂದಲ್ಲ. ಬರೆದುಕೊಳ್ಳಲು ಏನು ಖರ್ಚು?

ಕೆಲವು ಕಂಪನಿಗಳ ಪದ್ಧತಿ ಗೊತ್ತಿದ್ದರೆ ಅರ್ಧ ಮೋಸ ಅಲ್ಲೇ ಬಯಲಾಗುತ್ತದೆ. ರೋಲೆಕ್ಸ್ ತನ್ನ ಜಾಲತಾಣದಲ್ಲಿ ಹೊಸ ವಾಚು ಮಾರುವುದಿಲ್ಲ, ಅಧಿಕೃತ ಅಂಗಡಿಗೇ ಹೋಗಬೇಕು. ಬೇಡಿಕೆಯಿರುವ ಮಾದರಿಗೆ ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯಬೇಕು. ಹಾಗಿರುವಾಗ "ಹೊಚ್ಚ ಹೊಸ ರೋಲೆಕ್ಸ್, ನಾಳೆಯೇ ಮನೆಬಾಗಿಲಿಗೆ, ಕಂಪನಿ ಬೆಲೆಗಿಂತ ಕಡಿಮೆ" ಎಂದರೆ ಮುಂದೆ ಓದುವ ಅಗತ್ಯವೇ ಇಲ್ಲ.

ತಾಣದ ವಿಳಾಸವನ್ನು ಅಕ್ಷರ ಅಕ್ಷರ ಓದಿ. ಕಳ್ಳ ತಾಣಗಳು ಬ್ರ್ಯಾಂಡಿನ ಹೆಸರಿಗೆ "ಔಟ್‌ಲೆಟ್", "ಇಂಡಿಯಾ ಸೇಲ್" ಎಂದು ಬಾಲ ಸೇರಿಸಿರುತ್ತವೆ, ಅಥವಾ ಒಂದು ಅಕ್ಷರ ಹೆಚ್ಚು ಕಡಿಮೆ ಮಾಡಿರುತ್ತವೆ. ಬೀಗದ ಚಿಹ್ನೆ ಇದ್ದರೆ ಭದ್ರ ಎಂದು ಇನ್ನೂ ನಂಬುವವರಿದ್ದಾರೆ. ಆ ಬೀಗ ಹೇಳುವುದು ನಿಮ್ಮ ಮತ್ತು ಆ ತಾಣದ ನಡುವಿನ ಮಾತು ಬೇರೆಯವರಿಗೆ ಕೇಳಿಸುವುದಿಲ್ಲ ಎಂದಷ್ಟೆ. ಆ ಕಡೆ ಕೂತವನು ಕಳ್ಳನಾದರೂ ಬೀಗ ಇರುತ್ತದೆ. ಹೂ-ಈಸ್ ಎಂಬ ಉಚಿತ ಹುಡುಕಾಟದಲ್ಲಿ ತಾಣದ ಹೆಸರು ಯಾವಾಗ ನೋಂದಣಿಯಾಯಿತು ಎಂದು ನೋಡಬಹುದು. "ಮೂರು ತಲೆಮಾರಿನ ಅಂಗಡಿ" ಎಂದು ಕೊಚ್ಚಿಕೊಳ್ಳುವ ತಾಣ ಎರಡು ತಿಂಗಳ ಕೂಸಾಗಿದ್ದರೆ ಅರ್ಥವಾಯಿತಲ್ಲ.

ಹೆಜ್ಜೆ 3: ದೊಡ್ಡ ತಾಣದಲ್ಲಿ ಮಾರುತ್ತಿರುವುದು ಯಾರು?

"ಅಮೆಜಾನ್‌ನಲ್ಲಿ ತಗೊಂಡೆ" ಎನ್ನುತ್ತೇವೆ. ತಗೊಂಡದ್ದು ಅಮೆಜಾನ್‌ನಲ್ಲಿ, ಅಮೆಜಾನ್‌ನಿಂದ ಅಲ್ಲ. ವಿದೇಶಿ ಬಂಡವಾಳದ ಮಾರ್ಕೆಟ್‌ಪ್ಲೇಸ್‌ಗಳು ತಮ್ಮದೇ ಮಾಲು ಇಟ್ಟು ಮಾರುವಂತಿಲ್ಲ ಎಂದು ನಮ್ಮ ದೇಶದ ನಿಯಮವಿದೆ. ಅವು ಸಂತೆಯ ಜಾಗ ಕೊಡುವವರು, ಮಾರುವವರು ಬೇರೆ. ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ "ಸೋಲ್ಡ್ ಬೈ" ಎಂದು ಮಾರಾಟಗಾರರ ಹೆಸರಿರುತ್ತದೆ. ಅದನ್ನು ಒತ್ತಿ ನೋಡಿ. "ಫುಲ್‌ಫಿಲ್ಡ್ ಬೈ" ಎಂದರೆ ಗೋದಾಮು, ಸಾಗಣೆ ಆ ತಾಣದ್ದು ಎಂದಷ್ಟೆ, ಮಾಲಿನ ಖಾತ್ರಿ ಅಲ್ಲ.

2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರ ಹೆಸರು, ವಿಳಾಸ, ಸಂಪರ್ಕ, ದೂರು ಸ್ವೀಕರಿಸುವ ಅಧಿಕಾರಿಯ ವಿವರ ಗಿರಾಕಿಗೆ ಕಾಣುವಂತಿರಬೇಕು. ಬರೀ ಒಂದು ವಾಟ್ಸ್‌ಆ್ಯಪ್ ನಂಬರು, ಒಂದು ಜಿಮೇಲ್ ವಿಳಾಸ ಮಾತ್ರ ಇದ್ದರೆ ಅಲ್ಲಿಗೆ ಬಿಡಿ.

ಇಂಥ ತಾಣಗಳಲ್ಲಿ ಹತ್ತು ಸಾವಿರದ ವಾಚು ನಾನೂ ಎಷ್ಟೋ ಸಲ ಕೊಂಡಿದ್ದೇನೆ. ಲಕ್ಷ ದಾಟಿದ ಮೇಲೆ, ಅದೂ ಉಡುಗೊರೆಗೆ, ಮಾರಾಟಗಾರ ಬ್ರ್ಯಾಂಡಿನ ಪಟ್ಟಿಯಲ್ಲಿರುವ ಅಂಗಡಿಯೇ ಆಗಿದ್ದರೆ ಮಾತ್ರ.

ಹೆಜ್ಜೆ 4: ಅಂಗಡಿಯ ಜಾತಕ

ಹೆಣ್ಣು ಗಂಡು ನೋಡುವಾಗ ಗೋತ್ರದಿಂದ ಶುರುಮಾಡುವ ನಾವು ಎರಡು ಲಕ್ಷ ಕೊಡುವ ಅಂಗಡಿಯ ಪೂರ್ವಾಪರ ಕೇಳುವುದಿಲ್ಲ. ಇಲ್ಲಿ ಗೋತ್ರ ಎಂದರೆ ಜಿಎಸ್‌ಟಿ ಸಂಖ್ಯೆ. ಅದು 15 ಅಕ್ಷರ-ಅಂಕಿಗಳ ಸಂಖ್ಯೆ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ದೆಹಲಿಗೆ 07. ನಂತರದ ಹತ್ತು, ವ್ಯಾಪಾರಿಯ ಪ್ಯಾನ್. ಜಿಎಸ್‌ಟಿ ಪೋರ್ಟಲಿನಲ್ಲಿ "ತೆರಿಗೆದಾರರನ್ನು ಹುಡುಕಿ" ಎಂಬಲ್ಲಿ ಈ ಸಂಖ್ಯೆ ಹಾಕಿದರೆ ವ್ಯಾಪಾರದ ಕಾನೂನುಬದ್ಧ ಹೆಸರು, ನೋಂದಣಿಯ ದಿನ, ಈಗ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಲ್ಲ ಬರುತ್ತದೆ. ಲಾಗಿನ್ ಬೇಡ, ದುಡ್ಡು ಬೇಡ, ಎರಡು ನಿಮಿಷದ ಕೆಲಸ.

ನಾನು ಹೀಗೆ ನೋಡಿದ ಒಂದು ತಾಣ "ಬೆಂಗಳೂರಿನ ಹೆಮ್ಮೆ" ಎಂದು ಬರೆದುಕೊಂಡಿತ್ತು. ಸಂಖ್ಯೆ ಶುರುವಾಗುತ್ತಿದ್ದದ್ದು 07ರಿಂದ. ಹಾಕಿ ನೋಡಿದರೆ ಹೆಸರೂ ಬೇರೆ, ನೋಂದಣಿಯೂ ರದ್ದು. ಬೇರೆ ಯಾರದ್ದೋ ಹಳೆಯ ಸಂಖ್ಯೆಯನ್ನು ಎತ್ತಿ ಅಂಟಿಸಿದ್ದರು.

ಗೂಗಲ್ ಮ್ಯಾಪಿನಲ್ಲಿ ವಿಳಾಸ ಹಾಕಿ ಬೀದಿಯ ಚಿತ್ರ ನೋಡಿ. ವಿಮರ್ಶೆಗಳನ್ನು ಓದುವಾಗ ಐದು ನಕ್ಷತ್ರದವನ್ನು ಬಿಟ್ಟು ಎರಡು, ಮೂರು ನಕ್ಷತ್ರದವನ್ನು ಮೊದಲು ಓದುವುದು ನನ್ನ ಅಭ್ಯಾಸ. ಅಲ್ಲಿ ನಿಜವಾದ ಗಿರಾಕಿ ಸಿಗುತ್ತಾನೆ. "ವಾಚು ಚೆನ್ನಾಗಿದೆ, ಬಿಲ್ಲು ಕಳಿಸಲು ಹತ್ತು ದಿನ ಮಾಡಿದರು" ಎನ್ನುವ ಗೊಣಗಾಟ ನೂರು "ಸೂಪರ್ ಸರ್ವಿಸ್"ಗಿಂತ ಮೇಲು. ವಾರಂಟಿಯಲ್ಲಿ ರಿಪೇರಿ ಮಾಡಿಸಿಕೊಂಡವರು ಬರೆದಿದ್ದಾರೆಯೇ ಎಂದು ಹುಡುಕಿ. ಮಾರುವಾಗ ಎಲ್ಲರೂ ಸಿಹಿ.

ಹೆಜ್ಜೆ 5: ಫೋನ್ ಮಾಡಿ

ಆನ್‌ಲೈನ್ ಎಂದರೆ ಮಾತಾಡಬಾರದು ಎಂದೇನೂ ಇಲ್ಲ. ನಾನು ಮೂರು ಅಂಗಡಿಗೆ ಫೋನ್ ಮಾಡಿದೆ. ಮೂರಕ್ಕೂ ಕೇಳಿದ್ದು ಒಂದೇ ಪ್ರಶ್ನೆ: "ವಾರಂಟಿ ಕಾರ್ಡಲ್ಲಿ ಯಾವ ತಾರೀಖು ಹಾಕ್ತೀರಿ, ಯಾರ ಸೀಲು ಇರುತ್ತೆ?"

ಮೊದಲನೆಯವರು: "ಮೇಡಂ, ನಾವು ನಮ್ಮದೇ ಸ್ಟೋರ್ ವಾರಂಟಿ ಕೊಡ್ತೀವಿ. ಅದು ಕಂಪನಿದಕ್ಕಿಂತ ಫಾಸ್ಟ್." ಅಂದರೆ ಕಂಪನಿಯ ವಾರಂಟಿ ಇಲ್ಲ. ಇದೇ ಗ್ರೇ ಮಾರ್ಕೆಟ್. ಮಾಲು ಅಸಲಿಯೇ ಇರಬಹುದು. ಎಲ್ಲೋ ಒಬ್ಬ ಅಧಿಕೃತ ವ್ಯಾಪಾರಿ ಮಾರಲಾಗದೆ ಉಳಿಸಿಕೊಂಡದ್ದು ಹಿಂಬಾಗಿಲಿನಿಂದ ಕೈ ಬದಲಾಗಿ ಬಂದಿರುತ್ತದೆ. ಅಗ್ಗವೂ ಹೌದು. ತನಗಾಗಿ ಕೊಳ್ಳುವ, ವಾಚಿನ ಒಳಹೊರಗು ಬಲ್ಲ ಮನುಷ್ಯ ತಿಳಿದೇ ಅಲ್ಲಿ ಕೊಂಡರೆ ನನ್ನ ತಕರಾರಿಲ್ಲ. ಉಡುಗೊರೆಗೆ ಬೇಡ. ದೊಡ್ಡಮ್ಮನ ಮಗನ ಕಥೆ ಆಗಲೇ ಹೇಳಿದೆನಲ್ಲ.

ಎರಡನೆಯವರು: "ಕಾರ್ಡ್ ಖಾಲಿ ಕಳಿಸ್ತೀವಿ, ನಿಮಗೆ ಬೇಕಾದ ಡೇಟ್ ನೀವೇ ಬರ್ಕೊಳ್ಳಿ." ಕೇಳಲು ಎಷ್ಟು ಉದಾರ! ನಾವೇ ಬರೆದುಕೊಂಡ ತಾರೀಖಿಗೆ ಸರ್ವಿಸ್ ಸೆಂಟರಿನಲ್ಲಿ ಉತ್ತರ ಕೊಡುವವರು ಯಾರು? ಇದೂ ಬೇಡ.

ಮೂರನೆಯವರು, ಬ್ರ್ಯಾಂಡಿನ ಪಟ್ಟಿಯಲ್ಲಿದ್ದವರು: "ಬಿಲ್ ಆದ ದಿನದ್ದೇ ತಾರೀಖು ಬರುತ್ತೆ ಮೇಡಂ. ಗಿಫ್ಟಾ? ಹಾಗಿದ್ರೆ ನಿಮ್ಮ ತಂದೆಯವರ ಹೆಸರಲ್ಲೇ ಕಾರ್ಡ್ ಮಾಡ್ಬೋದು. ಫಂಕ್ಷನ್ ಯಾವಾಗ?" ಫಂಕ್ಷನ್ ಯಾವಾಗ ಎಂದು ಕೇಳಿದ್ದಕ್ಕೆ ಕಾರಣವಿತ್ತು. ಚೈನಿನ ಕೊಂಡಿ ತೆಗೆದು ಕೈಯಳತೆಗೆ ಮಾಡಿಕೊಡಲು ಅವರಿಗೆ ಒಂದು ದಿನ ಬೇಕು. ನನ್ನ ದಾರದ ಅಳತೆ ಅಲ್ಲಿ ಕೆಲಸಕ್ಕೆ ಬಂತು.

ಇದೇ ಕರೆಯಲ್ಲಿ ಇನ್ನೂ ಕೇಳಬೇಕಾದವು: ಮಾದರಿಯ ಪೂರ್ತಿ ರೆಫರೆನ್ಸ್ ನಂಬರು ಬಿಲ್ಲಿನಲ್ಲಿ ಬರುತ್ತದೆಯೇ, ಆ ಒಂದು ವಾಚಿಗಷ್ಟೇ ಇರುವ ಸೀರಿಯಲ್ ನಂಬರೂ ಬರುತ್ತದೆಯೇ, ಸಾಗಣೆಗೆ ವಿಮೆ ಯಾರದು, ಪಾರ್ಸೆಲ್ ದಾರಿಯಲ್ಲಿ ಕಳೆದರೆ ನಷ್ಟ ಯಾರದು, ವಾಪಸಿಗೆ ಎಷ್ಟು ದಿನ. ಉತ್ತರಗಳನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಆಮೇಲೆ ನೆನಪಿರುವುದಿಲ್ಲ, ಅವರಿಗೆ.

ಹೆಜ್ಜೆ 6: ಬೆಲೆ ಏನು ಹೇಳುತ್ತದೆ

ಕಂಪನಿಯ ಭಾರತದ ಬೆಲೆ ಅವರ ತಾಣದಲ್ಲೇ ಇರುತ್ತದೆ. ಹಬ್ಬದ ಸಮಯದಲ್ಲಿ, ಬ್ಯಾಂಕ್ ಕಾರ್ಡಿನ ಕೊಡುಗೆಯಲ್ಲಿ ಸ್ವಲ್ಪ ಇಳಿಯಬಹುದು, ಹಳೆಯ ಮಾದರಿಗೆ ಇನ್ನೂ ಸ್ವಲ್ಪ. ಅರ್ಧಕ್ಕರ್ಧ ಇಳಿದರೆ ಅದು ವಾಚೇ ಅಲ್ಲ. "ಫಸ್ಟ್ ಕಾಪಿ", "ಸೆವೆನ್ ಎ", "ಮಾಸ್ಟರ್ ಕ್ವಾಲಿಟಿ" ಇವೆಲ್ಲ ನಕಲಿಗೆ ಇಟ್ಟ ಮುದ್ದಿನ ಹೆಸರುಗಳು. ಎಷ್ಟೋ ಜನ ಅದು ಯಾವುದೋ ಗುಣಮಟ್ಟದ ದರ್ಜೆ ಎಂದೇ ತಿಳಿದಿದ್ದಾರೆ.

ಬಿಲ್ಲು ಬೇಡ ಎಂದರೆ ಜಿಎಸ್‌ಟಿಯ 18% ಉಳಿಯುತ್ತದೆ ಎಂದು ಆಸೆ ತೋರಿಸುವವರೂ ಇದ್ದಾರೆ. ಬಿಲ್ಲಿಲ್ಲದ ವಾಚು ಅನಾಥ. ಎರಡು ಲಕ್ಷ ದಾಟಿದ ಖರೀದಿಗೆ ಪ್ಯಾನ್ ಕೇಳುತ್ತಾರೆ, ಕೇಳಬೇಕು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೇ ತಡೆಯಿದೆ. 2025ರ ಏಪ್ರಿಲ್ 22ರಿಂದ ಹತ್ತು ಲಕ್ಷ ದಾಟಿದ ಕೈಗಡಿಯಾರಕ್ಕೆ 1% ಟಿಸಿಎಸ್, ಅಂದರೆ ಮಾರುವವರೇ ಗಿರಾಕಿಯಿಂದ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಕೂಡ ಸೇರಿತು. ನಮ್ಮ ಬಜೆಟ್ಟಿಗೆ ಅದು ದೂರದ ಮಾತು. ಆದರೆ ಪ್ಯಾನ್ ಕೇಳದೆ, ಕ್ಯಾಶ್ ಕೊಡಿ ಎನ್ನುವ ಅಂಗಡಿ ಎಂಥದ್ದು ಎಂದು ಇದರಿಂದ ಅಳೆಯಬಹುದು.

ಹೆಜ್ಜೆ 7: "ನಾನು ಅಮೆರಿಕದಿಂದ ಕಳಿಸ್ತೀನಿ"

ನಮ್ಮ ತಮ್ಮ ಮಧ್ಯದಲ್ಲೇ ಹೀಗೆಂದ. ಅಲ್ಲಿ ಅಗ್ಗ, ಪಾರ್ಸೆಲ್ ಮೇಲೆ ಗಿಫ್ಟ್ ಎಂದು ಬರೆದರೆ ಸುಂಕ ಇಲ್ಲ ಎಂಬುದು ಅವನ ವಾದ. ಅದು ಹಳೆಯ ಕಾಲದ ಮಾತು. 2019ರ ಡಿಸೆಂಬರಿನಿಂದ ಅಂಚೆ ಅಥವಾ ಕೊರಿಯರ್‌ನಲ್ಲಿ ಬರುವ ಸಾಮಾನನ್ನು ಉಡುಗೊರೆ ಎಂದು ಹೇಳಿ ಸುಂಕವಿಲ್ಲದೆ ಬಿಡಿಸಿಕೊಳ್ಳುವಂತಿಲ್ಲ. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ. ಪೂರ್ತಿ ಸುಂಕ ಕಟ್ಟಿದರೆ ಬರುತ್ತದೆ. ಮೂಲ ಸುಂಕ, ಸುಂಕದ ಮೇಲೆ ಸರ್ಚಾರ್ಜ್, ಎಲ್ಲ ಸೇರಿದ ಮೊತ್ತದ ಮೇಲೆ ಆಮದಿನ ಜಿಎಸ್‌ಟಿಯಾದ ಐಜಿಎಸ್‌ಟಿ: ಹೀಗೆ ಒಂದರ ಮೇಲೊಂದು ಕೂತುಕೊಳ್ಳುತ್ತದೆ. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ, ತರಿಸುವ ದಿನ ಕಸ್ಟಮ್ಸ್ ತಾಣದಲ್ಲಿ ನೋಡಿಕೊಳ್ಳಿ. ಎಲ್ಲ ಕೂಡಿಸಿದಾಗ ತಮ್ಮ ಹೇಳಿದ "ಅಗ್ಗ" ಕರಗಿಹೋಯಿತು.

ಸ್ವಿಟ್ಜರ್ಲೆಂಡ್ ಸೇರಿದ ಇಎಫ್‌ಟಿಎ ಎಂಬ ಯುರೋಪಿನ ದೇಶಗಳ ಗುಂಪಿನ ಜತೆಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದಿದೆ, ಸ್ವಿಸ್ ವಾಚಿನ ಸುಂಕ ಹಂತ ಹಂತವಾಗಿ ಇಳಿಯಲಿದೆ. ಅದರ ಲಾಭ ಸಿಗುವುದು ಮೂಲದ ದಾಖಲೆ ಸಮೇತ ನೇರವಾಗಿ ತರಿಸುವ ಆಮದುದಾರರಿಗೆ. ಡಲ್ಲಾಸ್‌ನ ಮಾಲ್‌ನಲ್ಲಿ ಕೊಂಡು ಡಬ್ಬಿಯಲ್ಲಿ ಹಾಕಿ ಕಳಿಸುವ ತಮ್ಮನಿಗಲ್ಲ. ಅವನೇ ಕೈಗೆ ಕಟ್ಟಿಕೊಂಡು ಬಂದರೂ ಉಚಿತ ಮಿತಿ ದಾಟಿದ ಹೊಸ ವಾಚನ್ನು ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು. ಕೈಯಲ್ಲಿದೆ, ಚೀಲದಲ್ಲಿಲ್ಲ ಎಂಬ ಜಾಣತನ ಅಲ್ಲಿ ನಡೆಯುವುದಿಲ್ಲ. ಮೊಸಳೆ ಚರ್ಮದ ಸ್ಟ್ರಾಪ್ ಇದ್ದರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ನಿಯಮದ ತೊಡಕು ಬೇರೆ.

ಹೆಜ್ಜೆ 8: ಸೆಕೆಂಡ್ ಹ್ಯಾಂಡ್ ಆದರೆ

ನಿಂತುಹೋದ ಮಾದರಿಯೇ ಬೇಕು ಎನ್ನುವವರಿಗೆ, ಅಥವಾ ಹುಟ್ಟಿದ ವರ್ಷದ ವಾಚು ಕೊಡಬೇಕು ಎನ್ನುವ ಭಾವುಕರಿಗೆ ಬೇರೆ ದಾರಿಯಿಲ್ಲ. ಜರ್ಮನಿಯ ಕ್ರೋನೋ24ನಂಥ ತಾಣದಲ್ಲಿ ನೀವು ಕೊಟ್ಟ ಹಣ ಎಸ್ಕ್ರೋ ಖಾತೆಯಲ್ಲಿ ನಿಂತಿರುತ್ತದೆ, ವಾಚು ಕೈಸೇರಿದ ಮೇಲೆ ಮಾರಿದವರಿಗೆ ಹೋಗುತ್ತದೆ. ಅಲ್ಲೂ ಮಾರುವವರು ಬೇರೆ ಬೇರೆಯವರೇ, ವ್ಯಾಪಾರಿಯ ಇತಿಹಾಸ ನೋಡಬೇಕು, "ತಾಣದ ಹೊರಗೆ ದುಡ್ಡು ಕಳಿಸಿ, ಕಡಿಮೆಗೆ ಕೊಡ್ತೀನಿ" ಎಂದರೆ ಓಡಬೇಕು. ರೋಲೆಕ್ಸ್ 2022ರ ಡಿಸೆಂಬರಿನಲ್ಲಿ ತನ್ನದೇ ಪ್ರಮಾಣೀಕೃತ ಸೆಕೆಂಡ್ ಹ್ಯಾಂಡ್ ವ್ಯವಸ್ಥೆ ಶುರುಮಾಡಿತು. ನಮ್ಮಲ್ಲಿ ಇಥೋಸ್‌ನವರ ಸೆಕೆಂಡ್ ಮೂವ್‌ಮೆಂಟ್ ಇದೆ. ಕಳುವಿನ ವಾಚುಗಳ ಸೀರಿಯಲ್ ನಂಬರು ಸೇರಿಸಿಟ್ಟಿರುವ ವಾಚ್ ರಿಜಿಸ್ಟರ್ ಎಂಬ ಲಂಡನ್ನಿನ ದತ್ತಾಂಶದಲ್ಲಿ ದುಡ್ಡು ಕೊಟ್ಟು ಹುಡುಕಿಸಬಹುದು.

ಹಳೆಯ ವಾಚಿನ ಮೋಸ ಹೇಗಿರುತ್ತದೆ ನೋಡಬೇಕೆ? ಅದಕ್ಕೆ ಸ್ವಿಸ್ ವಾಚು ಬೇಡ, ನಮ್ಮ ಎಚ್‌ಎಂಟಿ ಸಾಕು. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, 2016ರಲ್ಲಿ ಮುಚ್ಚುವ ತೀರ್ಮಾನವಾದ ವಾಚು ಘಟಕದ ಜನತಾ, ಪೈಲಟ್ ಮಾದರಿಗಳನ್ನು ಆನ್‌ಲೈನ್‌ನಲ್ಲಿ ಹುಡುಕಿ. ಎಚ್‌ಎಂಟಿ ಎಂದೂ ಮಾಡದ ಬಣ್ಣಬಣ್ಣದ ಡಯಲ್‌ಗಳು ಸಾಲುಸಾಲಾಗಿ ಬರುತ್ತವೆ. ಸವೆದ ಡಯಲಿಗೆ ಹೊಸ ಬಣ್ಣ ಬಳಿದು, ನಾಲ್ಕು ವಾಚಿನ ಭಾಗ ಒಂದಕ್ಕೆ ಸೇರಿಸಿ "ಬಳಸದ ಹಳೆಯ ಸ್ಟಾಕು" ಎಂದು ಮಾರುತ್ತಾರೆ. ಹೀಗೆ ಮತ್ತೆ ಬಣ್ಣ ಹೊಡೆದ ವಾಚುಗಳಿಗೆ ಹೊರದೇಶದ ಸಂಗ್ರಾಹಕರು ಇಟ್ಟ ಅಡ್ಡಹೆಸರು "ಮುಂಬೈ ಸ್ಪೆಷಲ್". ಅಕ್ಷರಗಳು ದಪ್ಪವಾಗಿ ಹರಡಿಕೊಂಡಿವೆಯೇ, ನಿಮಿಷದ ಗೀರುಗಳು ಅಂಕಿಗಳ ಜತೆ ಸರಿಯಾಗಿ ಕೂತಿವೆಯೇ ಎಂದು ಫೋಟೊ ದೊಡ್ಡದು ಮಾಡಿ ನೋಡಿದರೆ ತಿಳಿಯುತ್ತದೆ. ಎರಡು ಸಾವಿರದ ಎಚ್‌ಎಂಟಿಗೇ ಇಷ್ಟು ಕೈಚಳಕ ತೋರಿಸುವವರು ಎರಡು ಲಕ್ಷದ ಒಮೆಗಾವನ್ನು ಬಿಡುತ್ತಾರೆಯೇ?

ಹೆಜ್ಜೆ 9: ದುಡ್ಡು ಕೊಡುವುದು

ಕ್ರೆಡಿಟ್ ಕಾರ್ಡ್. ಇಷ್ಟೇ ನನ್ನ ಸಲಹೆ. ಮಾಲು ಬರದಿದ್ದರೆ, ಬೇರೆಯದೇ ಬಂದರೆ ಬ್ಯಾಂಕಿಗೆ ಬರೆದು ಚಾರ್ಜ್‌ಬ್ಯಾಕ್, ಅಂದರೆ ಕೊಟ್ಟ ಹಣದ ವಾಪಸಾತಿ, ಕೇಳಲು ಅದರಲ್ಲಿ ದಾರಿಯಿದೆ. ಯುಪಿಐನಲ್ಲಿ ಪಿನ್ ಒತ್ತಿದವರು ನೀವೇ ಆದ್ದರಿಂದ ಹೋದ ದುಡ್ಡನ್ನು ಎಳೆದು ತರುವುದು ಕಷ್ಟ. ಬ್ಯಾಂಕಿನ ಕೆಲಸದ ಮೂರು ದಿನದೊಳಗೆ ದೂರು ಕೊಟ್ಟರೆ ಗ್ರಾಹಕರ ಮೇಲೆ ಹೊಣೆಯಿಲ್ಲ ಎಂಬ ರಿಸರ್ವ್ ಬ್ಯಾಂಕಿನ ನಿಯಮವನ್ನು ಕೆಲವರು ನೆಚ್ಚಿಕೊಳ್ಳುತ್ತಾರೆ. ಅದು ನಿಮಗೆ ಗೊತ್ತಿಲ್ಲದೆ ಖಾತೆಯಿಂದ ಹೋದ ಹಣದ ಮಾತು, ನೀವೇ ನಂಬಿ ಕಳಿಸಿದ್ದಕ್ಕಲ್ಲ. ಬ್ಯಾಂಕ್ ವರ್ಗಾವಣೆಯೇ ಆಗಬೇಕೆಂದರೆ ಖಾತೆದಾರರ ಹೆಸರು ಜಿಎಸ್‌ಟಿ ಪೋರ್ಟಲಿನಲ್ಲಿ ಕಂಡ ಹೆಸರೇ ಇರಬೇಕು. ಅಂಗಡಿಯ ಹೆಸರು ಒಂದು, ಖಾತೆ ಯಾರದೋ ವ್ಯಕ್ತಿಯ ಹೆಸರಿನದ್ದು ಎಂದರೆ ಅಲ್ಲಿಗೇ ನಿಲ್ಲಿಸಿ.

ಹೆಜ್ಜೆ 10: ಪೆಟ್ಟಿಗೆ ಬಂದ ದಿನ

ಸಮಾರಂಭಕ್ಕೆ ಕನಿಷ್ಠ ಹದಿನೈದು ದಿನ ಮೊದಲು ತರಿಸಿಕೊಳ್ಳಿ. ಉಡುಗೊರೆ ಎಂದು ಸುತ್ತಿದ ಕಾಗದ ಬಿಚ್ಚದೆ ಹಾಗೇ ಕೊಡುವ ಸಂಕೋಚ ಬೇಡವೇ ಬೇಡ, ಬಿಚ್ಚಿ ನೋಡಿ ಮತ್ತೆ ಸುತ್ತಿ.

ನಾನು ಮಾಡಿದ್ದು ಹೀಗೆ. ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿದೆ. ಮೊಬೈಲನ್ನು ಡಬ್ಬಿಗೆ ಒರಗಿಸಿ ವಿಡಿಯೊ ಹಚ್ಚಿದೆ. ಕೊರಿಯರ್ ಚೀಟಿ, ಅಂಟುಪಟ್ಟಿ, ನಾಲ್ಕೂ ಮೂಲೆ ತೋರಿಸಿ ಆಮೇಲೆ ಕತ್ತರಿ ಹಾಕಿದೆ. ವಿಡಿಯೊ ನಡುವೆ ನಿಲ್ಲಿಸಬಾರದು, ನಿಲ್ಲಿಸಿದರೆ ಆಮೇಲೆ ತಕರಾರಿನಲ್ಲಿ ಅದಕ್ಕೆ ಬೆಲೆಯಿಲ್ಲ.

ಮೊದಲು ಹುಡುಕಿದ್ದು ವಾಚನ್ನಲ್ಲ, ಹೊರಡಬ್ಬಿಯ ಮೇಲಿನ ಒಂದು ಬಿಳಿ ಚೀಟಿಯನ್ನು. ಕಾನೂನುಬದ್ಧವಾಗಿ ಆಮದಾಗಿ ಬಂದ ಪೊಟ್ಟಣದ ಮೇಲೆ ಆಮದುದಾರರ ಹೆಸರು ವಿಳಾಸ, ತಯಾರಾದ ದೇಶ, ಎಂಆರ್‌ಪಿ, ದೂರಿಗೆ ಫೋನ್ ನಂಬರು ಇರಬೇಕೆಂದು ನಮ್ಮ ತೂಕ-ಅಳತೆ ಇಲಾಖೆಯ ನಿಯಮ. ಹೊಳೆಯುವ ಪೆಟ್ಟಿಗೆಯ ಮುಂದೆ ಆ ಚೀಟಿ ಕುರೂಪವಾಗಿ ಕಾಣುತ್ತದೆ, ಉಡುಗೊರೆ ಎಂದು ಕಿತ್ತು ಹಾಕಲು ಕೈ ತುರಿಸುತ್ತದೆ. ಕೀಳಬೇಡಿ. ಹಿಂಬಾಗಿಲಿನ ಮಾಲಿಗೆ ಸಾಮಾನ್ಯವಾಗಿ ಅದು ಇರುವುದಿಲ್ಲ.

ಆಮೇಲೆ ಮೂರು ಕಡೆಯ ಸೀರಿಯಲ್ ನಂಬರು ತಾಳೆ ನೋಡಿದೆ: ಬಿಲ್ಲು, ವಾರಂಟಿ ಕಾರ್ಡು, ವಾಚಿನ ಬೆನ್ನು. ಬೆನ್ನಿನ ಮೇಲೆ ಕೆತ್ತಿದ ಅಂಕಿ ಬರಿಗಣ್ಣಿಗೆ ಸಿಗಲಿಲ್ಲ. ಅಮ್ಮ ಪಂಚಾಂಗ ಓದುವ ಭೂತಗನ್ನಡಿ ತಂದು, ಟಾರ್ಚನ್ನು ಓರೆಯಾಗಿ ಹಿಡಿದರೆ ಕಂಡಿತು. ಒಂದೊಂದೇ ಅಂಕಿ ಅಮ್ಮನ ಹತ್ತಿರ ಗಟ್ಟಿಯಾಗಿ ಓದಿಸಿದೆ. ಮೂರೂ ಒಂದೇ. ಕಾರ್ಡಿನಲ್ಲಿ ಬಿಲ್ಲಿನ ತಾರೀಖು, ಅಂಗಡಿಯ ಮೊಹರು, ಅಪ್ಪನ ಹೆಸರು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು, ಫೋನ್ ಮಾಡಿ ಬದಲಿಸಿಕೊಂಡೆ.

ಸೆಕೆಂಡ್ ಮುಳ್ಳು ಟಿಕ್ ಟಿಕ್ ಎನ್ನದೆ ಜಾರುತ್ತಾ ಹೋದರೆ ಅಸಲಿ ಎಂಬ ನಂಬಿಕೆ ಊರೆಲ್ಲ ಇದೆ. ಇವತ್ತಿನ ನಕಲಿಯಲ್ಲೂ ಅದು ಜಾರುತ್ತದೆ. ಹೊಲೊಗ್ರಾಮ್, ಕ್ಯೂಆರ್ ಕೋಡ್ ಎರಡನ್ನೂ ಅಚ್ಚು ಹಾಕಬಹುದು. ಡಯಲಿನ ಮೇಲೆ "ಸ್ವಿಸ್ ಮೇಡ್" ಎಂದು ಬರೆಯಲು ತಯಾರಿಕಾ ವೆಚ್ಚದ 60% ಆದರೂ ಸ್ವಿಟ್ಜರ್ಲೆಂಡಿನಲ್ಲೇ ಆಗಿರಬೇಕು ಎಂದು 2017ರಿಂದ ಅಲ್ಲಿಯ ಕಾನೂನಿದೆ. ಕಳ್ಳನಿಗೆ ಆ ಕಾನೂನು ಲೆಕ್ಕಕ್ಕಿಲ್ಲ. ಆದ್ದರಿಂದ ವಾಚನ್ನು ನೋಡಿ ತೀರ್ಪು ಕೊಡುವ ಸಾಹಸ ನಾನು ಮಾಡಲಿಲ್ಲ. ಬ್ರ್ಯಾಂಡಿನ ಸರ್ವಿಸ್ ಸೆಂಟರಿಗೆ ಒಯ್ದು, ಕಾರ್ಡು ತೋರಿಸಿ, ಇದು ನಿಮ್ಮ ದಾಖಲೆಯಲ್ಲಿ ಇದೆಯೇ ಎಂದು ಕೇಳಿದೆ. ಐದು ನಿಮಿಷದಲ್ಲಿ ಹೇಳಿದರು. ಭಾವ ನಿಂತಂಥ ಕೌಂಟರಿಗೆ ಅಪ್ಪನಿಗಿಂತ ಮೊದಲು ನಾನೇ ಹೋಗಿ ಬಂದೆ ಎಂಬ ಸಮಾಧಾನ.

ಒಂದು ದಿನ ಓಡಿಸಿಯೂ ನೋಡಿ. ಮೊಬೈಲಿನ ಗಡಿಯಾರಕ್ಕೆ ಸರಿಹೊಂದಿಸಿ 24 ಗಂಟೆ ಬಿಟ್ಟು ಎಷ್ಟು ಸೆಕೆಂಡ್ ಹಿಂದುಮುಂದು ಎಂದು ಬರೆದಿಡಿ. ಕ್ರೋನೋಮೀಟರ್ ಎಂಬ ನಿಖರತೆಯ ಪ್ರಮಾಣಪತ್ರ ಪಡೆದ ಯಂತ್ರವಾದರೆ ಸ್ವಿಸ್ ಸಂಸ್ಥೆ ಸಿಒಎಸ್‌ಸಿ ಅದನ್ನು 15 ದಿನ ಪರೀಕ್ಷಿಸಿರುತ್ತದೆ, ಸರಾಸರಿ ದಿನಕ್ಕೆ 4 ಸೆಕೆಂಡ್ ನಿಧಾನದಿಂದ 6 ಸೆಕೆಂಡ್ ಮುಂದಿನವರೆಗೆ ಅದಕ್ಕೆ ಮಿತಿ. ದಿನಕ್ಕೆ ನಿಮಿಷಗಟ್ಟಲೆ ತಪ್ಪಿದರೆ ಕೊಡುವ ಮೊದಲೇ ವಾಪಸು ಕಳಿಸಿ.

ಎಡವಟ್ಟಾದರೆ

ದುಡ್ಡು ಹೋಗಿ ಅಂಗಡಿಯೇ ಮಾಯವಾದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಹೇಳಿದರೆ ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ನಾಚಿಕೊಂಡು ಎರಡು ದಿನ ಯಾರಿಗೂ ಹೇಳದೆ ಕೂರುವುದರಿಂದಲೇ ಹೆಚ್ಚು ಜನ ಕಳೆದುಕೊಳ್ಳುವುದು. ಅಂಗಡಿ ಇದೆ, ಆದರೆ ಸತಾಯಿಸುತ್ತಿದೆ ಎಂದಾದರೆ ಮೊದಲು ಅವರ ದೂರು ಅಧಿಕಾರಿಗೆ ಇಮೇಲ್. 48 ಗಂಟೆಯಲ್ಲಿ ದೂರು ತಲುಪಿತೆಂದು ಹೇಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು ಎಂಬುದು ನಿಯಮ. ಆಮೇಲೆ 1915, ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಅಂಗಡಿ ದೆಹಲಿಯಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ಕೊಡುವ ದಿನ

ವಾಚಿನ ಜತೆ ಕಾರ್ಡು ಕೊಡುತ್ತಾರೆ, ಬಿಲ್ಲು ಮಾತ್ರ ಬೆಲೆ ಕಾಣುತ್ತದೆಂದು ಎಲ್ಲರೂ ಎತ್ತಿಡುತ್ತಾರೆ. ಎತ್ತಿಡಿ, ಆದರೆ ಎಲ್ಲಿದೆ ಎಂದು ಮನೆಯ ಇನ್ನೊಬ್ಬರಿಗೆ ಗೊತ್ತಿರಲಿ. ಬಿಲ್ಲು, ಕಾರ್ಡು, ಆ ಬಿಳಿ ಚೀಟಿ ಮೂರರ ಫೋಟೊ ನಾನು ಮನೆಯ ಗುಂಪಿಗೆ ಹಾಕಿದೆ, ಅಪ್ಪ ಆ ಗುಂಪಿನಲ್ಲಿಲ್ಲ. ಚೈನಿನಿಂದ ತೆಗೆದ ಎರಡು ಕೊಂಡಿಗಳನ್ನು ಅಂಗಡಿಯವರು ಸಣ್ಣ ಪೊಟ್ಟಣದಲ್ಲಿ ಹಾಕಿ ಕೊಟ್ಟಿದ್ದರು; ಅದನ್ನು ಕಳೆದರೆ ನಾಳೆ ಕೈ ದಪ್ಪವಾದಾಗ ಹೊಸ ಕೊಂಡಿಗೆ ಸಾವಿರಗಟ್ಟಲೆ. ಹಾಗಾಗಿ ಪೊಟ್ಟಣವನ್ನು ವಾಚಿನ ಪೆಟ್ಟಿಗೆಯ ಕೆಳಗಿನ ಅರೆಯಲ್ಲಿಟ್ಟು, "ಇದನ್ನು ಎಸೀಬೇಡಿ" ಎಂದು ಕನ್ನಡದಲ್ಲಿ ಬರೆದು ಅಂಟಿಸಿದೆ. ರಾತ್ರಿ ಒಂಬತ್ತರಿಂದ ಬೆಳಗಿನ ಮೂರರ ನಡುವೆ ಗುಂಡಿ ಎಳೆದು ತಾರೀಖು ಬದಲಿಸಬೇಡಿ, ಒಳಗಿನ ಹಲ್ಲುಚಕ್ರಕ್ಕೆ ಪೆಟ್ಟು ಎಂದೂ ಕೆಳಗೆ ಸೇರಿಸಿದೆ. ಅಪ್ಪ ಶಾಂತಿಯ ದಿನ ಹೊಸ ವಾಚು ಕಟ್ಟಿಕೊಂಡು ಮೊದಲು ಓದಿದ್ದು ಆ ಚೀಟಿಯನ್ನೇ. "ಇದಕ್ಕೆ ಬೆಳಿಗ್ಗೆ ಕೀ ಕೊಡೋದು ಬೇಡ್ವಾ ಹಾಗಾದ್ರೆ?" ಎಂದರು. ಕಟ್ಟಿಕೊಂಡು ಓಡಾಡುತ್ತಿದ್ದರೆ ಬೇಡ ಅಪ್ಪ, ಕೈ ಅಲುಗಿದಂತೆ ತಾನೇ ಕೀ ತುಂಬಿಕೊಳ್ಳುತ್ತದೆ, ಎರಡು ದಿನ ಬಿಚ್ಚಿಟ್ಟರೆ ನಿಲ್ಲುತ್ತದೆ, ಆಗ ಇಪ್ಪತ್ತು ಮೂವತ್ತು ಸುತ್ತು ಕೊಡಿ ಎಂದೆ.